ಎಂಟು ಕಾಲಿನ ಕುದುರೆ

ಪಕ್ಕದ ಲೇನಿನ ಟ್ರಕ್ಕಿನ ಚಕ್ರಗಳು ಒಂದರ ಹಿಂದೆ ಒಂದು, ಓಡುತ್ತಿವೆಯೋ ನಿಂತಿವೆಯೋ ಗೊತ್ತಾಗುವುದಿಲ್ಲ, ನಮ್ಮ ಕಾರಿನ ವೇಗವೂ ಅಷ್ಟೇ ಆದ್ದರಿಂದ ಎಲ್ಲವೂ ನಿಂತ ಹಾಗೆ — ಡೋಂಟ್ ಸ್ಟೇರ್ ಅಮ್ಮ, ಯು ವಿಲ್ ಗೆಟ್ ಸಿಕ್, ಮಗಳು ನಿಕಿತಾ ರಸ್ತೆಯಿಂದ ಕಣ್ಣು ತೆಗೆಯದೆ ಹೇಳುತ್ತಾಳೆ, ಇಲ್ಲವಾ, ಸುಮ್ಮನ ನೋಡಾಕತ್ತೀನಿ ಎಂದು ನಾನು ಮಡಿಲಿನ ಕಡೆ ತಿರುಗುತ್ತೇನೆ, ಮಡಿಲಲ್ಲಿ ವಿಭೂತಿಯ ಡಬ್ಬಿ, ಕಲ್ಲಿಗೆ ಹಚ್ಚಲು, ಹಚ್ಚಬಹುದೋ ಇಲ್ಲವೋ ಕಲ್ಲು ಕೆತ್ತುವ ಅಂಗಡಿಯವನನ್ನು ಕೇಳಬೇಕು, ಕೇಳಿದರೆ ಬೇಸರಪಟ್ಟಾನೇ, ನಾವಿರುವ ಊರು ಡೈಮಂಡ್ ಬಾರ್‌ನಿಂದ ಇಲ್ಲಿಯವರೆಗೆ ಇದೊಂದನ್ನೇ ಯೋಚಿಸುತ್ತ ಬಂದಿದ್ದೇನೆ. ಕಲ್ಲು ರೆಡಿ ಇದೆ ಮ್ಯಾಮ್, ನಾಳೆ ಸಮಾಧಿಗೆ ಹಾಕುತ್ತೇವೆ, ಮೊದಲು ಬಂದು ನೋಡಿ ಎಂದಿದ್ದ. ಗಂಡ ತೀರಿಕೊಂಡು ಮೂರು ವರ್ಷವಾದ ಮೇಲೆ ಒಂದು ಕಲ್ಲು, ತಡವಾದದ್ದಕ್ಕೆ ನನ್ನ ಅನುಮಾನಗಳೇ ಕಾರಣ, ಯಾವ ಚಿತ್ರ, ಯಾವ ಅಕ್ಷರ, ಬರೆಯುವುದು, ಅಳಿಸುವುದು — ಈರಯ್ಯ, ಹೆಸರು ಹಿಡಿದು ಒಮ್ಮೆಯೂ ಕರೆದವಳಲ್ಲ, ಕಲ್ಲಿಗೆಂದೇ ಮೊದಲ ಸಲ ಬರೆದೆ. ಕೋವಿಡ್ಡಿನ ಆ ಜನವರಿಯಲ್ಲಿ ಲಾಸ್ ಏಂಜಲೀಸಿನ ಸ್ಮಶಾನಗಳಲ್ಲೆಲ್ಲ ಸರದಿ, ನಿಕಿತಾ ತಾನಿರುವ ಯೂನಿವರ್ಸಿಟಿ ಸಿಟಿ ಬಡಾವಣೆಯ ಹತ್ತಿರ ಹುಡುಕಾಡಿ ಸ್ಯಾನ್ ಡಿಯೇಗೋದಲ್ಲಿ ಜಾಗ ಹಿಡಿದಳು, ನಮ್ಮಲ್ಲಿ ಸುಡುವುದಿಲ್ಲ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂಡಿಸಿ ಮಣ್ಣು ಕೊಡುತ್ತೇವೆ ಎಂದು ನಾನು ಫೋನಿನಲ್ಲಿ ತಡವರಿಸಿದೆ, ಸ್ಮಶಾನದ ಆಫೀಸಿನ ಹೆಂಗಸು ಮೆತ್ತಗೆ, ಸಾರಿ ಮ್ಯಾಮ್, ಮಲಗಿಸಲೇಬೇಕು. ಮಲಗಿಸಿದರು. ಹೆಗಲು ಕೊಡಲು ಯಾರನ್ನೂ ಬಿಡಲಿಲ್ಲ, ಕಾರಿನಿಂದ ಇಳಿಯುವಂತಿಲ್ಲ, ಗಾಜಿನ ಮೇಲೆ ನನ್ನ ಉಸಿರು, ಒರೆಸಿದರೆ ಮತ್ತೆ ಉಸಿರು, ಅದರಾಚೆ ಹಳದಿ ಯಂತ್ರವೊಂದು ಪೆಟ್ಟಿಗೆಯನ್ನು ಪಟ್ಟಿಗಳಲ್ಲಿ ನೇತುಹಾಕಿಕೊಂಡು ಹೋಯಿತು, ಯಂತ್ರಕ್ಕೆ ಕಾಲಿಲ್ಲ, ಉರುಳುತ್ತದೆ ಅಷ್ಟೇ.

ಹುನಗುಂದದಿಂದ ಅತ್ತೆ ಅನ್ನಪೂರ್ಣವ್ವ ಫೋನು ಮಾಡಿದಾಗಲೆಲ್ಲ ಅದನ್ನೇ ಕೇಳುತ್ತಾರೆ, ಮಂಜುಶ್ರೀ, ನನ್ನ ಮಗಗ ಯಾರ್ಯಾರು ಹೆಗಲ ಕೊಟ್ರವಾ, ನಾಕು ಮಂದೀನರ ಕೂಡಿದ್ರಿಲ್ಲೋ, ನಾನು ಲೈನ್ ಸರಿ ಇಲ್ರೀ ಅತ್ತಿ, ಕೇಳಸವಲ್ದು ಎನ್ನುತ್ತೇನೆ, ಕೇಳಿಸಿರುತ್ತದೆ. ಮಾವ ತೀರಿದಾಗ ಬಿದಿರಿನ ವಿಮಾನ ಕಟ್ಟಿ, ಅದರಲ್ಲಿ ಹೂವಿನ ನಡುವೆ ಕೂಡಿಸಿ, ನಾಲ್ವರು ಹೊತ್ತು ಓಣಿ ದಾಟಿದರು, ನಾನು ಹೊಸ ಸೊಸೆ, ಬಾಗಿಲಲ್ಲಿ ತಲೆ ತಗ್ಗಿಸಿ ಕೂತವಳು, ಕಂಡದ್ದು ಕಾಲುಗಳು ಮಾತ್ರ, ಧೋತರ ಎತ್ತಿ ಕಟ್ಟಿದ ಎಂಟು ಕಾಲು, ಧೂಳು. ಅದಕ್ಕೇ ಇರಬೇಕು, ಸಂಜೆ ಕ್ಲಾಸಿನಲ್ಲಿ ಟೀಚರು ಎಂಟು ಕಾಲಿನ ಕುದುರೆಯ ಕಲ್ಲನ್ನು ಪರದೆಯ ಮೇಲೆ ತೋರಿಸಿದಾಗ ಕೈ ಎತ್ತಬೇಕೆನ್ನಿಸಿದ್ದು, ಎತ್ತಲಿಲ್ಲ, ನನ್ನ ಇಂಗ್ಲಿಷಿಗೆ ಅಂಥ ಧೈರ್ಯವೆಲ್ಲಿ — ಲಾಕ್‌ಡೌನಿನ ಸಂಜೆಗಳು, ಕಾಲೇಜಿನವರು ಝೂಮ್‌ನಲ್ಲಿ ಉತ್ತರ ಯುರೋಪಿನ ಹಳೆಯ ದೇವರುಗಳ ಪಾಠ ಹಚ್ಚಿದ್ದರು, ಸ್ವೀಡನ್ನಿನ ಗಾಟ್ಲಂಡ್ ದ್ವೀಪದ ಚಿತ್ರಗಲ್ಲುಗಳು, ನಮ್ಮ ಕೆರೆ ದಂಡೆಯ ವೀರಗಲ್ಲಿನ ಹಾಗೆಯೇ ಬಯಲಲ್ಲಿ ನಿಂತವು, ಕೆಳಗೆ ಹಡಗು, ಮೇಲೆ ಸತ್ತ ವೀರ, ಓಡಿನ್ ದೇವರ ಎಂಟು ಕಾಲಿನ ಕುದುರೆ ಏರಿ ಬರುತ್ತಾನೆ, ಎದುರಿಗೆ ಹೆಣ್ಣೊಬ್ಬಳು ಕೊಂಬಿನಲ್ಲಿ ಪಾನ ಹಿಡಿದು ನಿಂತಿದ್ದಾಳೆ, ನಮ್ಮಲ್ಲಿ ಅಪ್ಸರೆಯರು ರಟ್ಟೆ ಹಿಡಿದು ಮೇಲಕ್ಕೆ ಒಯ್ಯುವುದಿಲ್ಲವೇ, ಹಾಗೆ. ಲೇ ಮಂಜು, ಎಂಟು ಕಾಲಂದ್ರ ನಾಲ ಬಡಿಯಾಂವ ಸಾವ್ಕಾರ ಆಗಿ ಹೋಗತಾನಲ್ಲ — ನಮ್ಮ ಮನೆಯವರು ನನ್ನ ಹಿಂದೆ ಬಂದು ನಿಂತಿದ್ದರು, ಅವರ ಎಲ್ ಸೆಗುಂಡೋದ ಆಫೀಸೂ ಆಗ ಮನೆಯಲ್ಲೇ, ಕೈಯಲ್ಲಿ ಚಹಾ, ನನ್ನ ಮೈಕು ಆಫ್ ಇರಲಿಲ್ಲ, ಪರದೆಯ ಮುಖಗಳೆಲ್ಲ ಏನೂ ತಿಳಿಯದೆ ನಕ್ಕವು, ಟೀಚರೂ ನಕ್ಕರು, ನಕ್ಕು ಹೇಳಿದರು, ಎಂಟು ಕಾಲು ಯಾಕೆಂದರೆ, ಕೆಲವರ ಪ್ರಕಾರ ಅವು ಹೆಣ ಹೊತ್ತ ನಾಲ್ವರ ಕಾಲುಗಳು, ಚಟ್ಟವೇ ಕುದುರೆ. ತಿರುಗಿ ನೋಡಿದೆ, ಅವರು ನಗುತ್ತಿರಲಿಲ್ಲ, ಚಾ ಆರಾಕತ್ತೇತಿ, ಕುಡಿ, ಎಂದರು. ಅದೇ ಚಿತ್ರವನ್ನು ಕಲ್ಲು ಕೆತ್ತುವವನಿಗೆ ಬರೆದುಕೊಟ್ಟೆ, ಶರಣರ ಮನೆತನಕ್ಕೆ ಪರದೇಶದ ಕುದುರೆ ಯಾಕೆ ಎಂದಾರು, ಅನ್ನಲಿ, ಬೆನ್ನಿನ ಮೇಲೆ ಕುಳಿತ ಮನುಷ್ಯ, ಕೊನೆಗೂ ಕುಳಿತ, ಎಡಗೈ ಎದೆಯ ಹತ್ತಿರ, ಕೆಳಗೆ ಎಂಟು ಕಾಲು, ಫೋಟೋ ಅತ್ತೆಗೆ ಕಳಿಸಿದರೆ ಸಾಕು, ನೋಡ್ರಿ ಅತ್ತಿ, ನಾಕು ಮಂದಿ, ಬಾಯಿ ಬಿಡುವ ಕಷ್ಟವೂ ಇಲ್ಲ.

ಅಂಗಡಿಯ ಅಂಗಳದಲ್ಲಿ ಕಲ್ಲು ಕೊಯ್ಯುವ ಗರಗಸದ ನೀರು, ಬೂದಿ ಬಣ್ಣದ ಕೆಸರು, ನಿಕಿತಾ ಕಾರು ನಿಲ್ಲಿಸಿ ನನಗಿಂತ ಮುಂದೆ ನಡೆದಳು, ಕಲ್ಲು ಹಲಗೆಯ ಮೇಲೆ ಅಂಗಾತ ಬಿದ್ದಿದೆ, ಆ ಸ್ಮಶಾನದಲ್ಲಿ ನಿಲ್ಲಿಸುವ ಹಾಗಿಲ್ಲ, ಹುಲ್ಲು ಕತ್ತರಿಸುವ ಗಾಡಿ ಮೇಲೆ ಹಾಯಬೇಕಲ್ಲ, ಕುದುರೆ ಆಕಾಶ ನೋಡುತ್ತ ಓಡಬೇಕು. ಹೆಸರು ಸರಿ, ಇಸವಿ ಸರಿ, ಕುಳಿತಿದ್ದಾರೆ, ಎಡಗೈ ಸರಿ, ಕೆಳಗೆ — ಕೆಳಗೆ ನಾಲ್ಕು. ಕನ್ನಡಕ ಒರೆಸಿಕೊಂಡೆ, ನಾಲ್ಕೇ. ಕೆತ್ತುವವನು ಕೈ ಝಾಡಿಸುತ್ತ ಬರುತ್ತಾನೆ, ನಿಮ್ಮ ಚಿತ್ರದಲ್ಲಿ ಕಾಲುಗಳು ಡಬಲ್ ಆಗಿದ್ದವು ಮ್ಯಾಮ್, ಕೈ ನಡುಗಿರಬೇಕು, ಆಗುತ್ತದೆ ಅಂಥ ಹೊತ್ತಿನಲ್ಲಿ, ನಾನೇ ಕ್ಲೀನ್ ಮಾಡಿದೆ, ಒಳ್ಳೆಯ ಮನುಷ್ಯ, ಮುಖದ ತುಂಬ ನಗು. ನಡುಗಿತ್ತೇ, ನಡುಗಿರಬೇಕು, ಪಕ್ಕದಲ್ಲಿ ಎಂಟು ಎಂದು ಬರೆಯಬೇಕಿತ್ತು, ಕುದುರೆಗೆ ಕಾಲೆಷ್ಟೆಂದು ಯಾರಾದರೂ ಬರೆಯುತ್ತಾರೆಯೇ. ಅಮ್ಮ, ಟೆಲ್ ಹಿಮ್, ಇಟ್ಸ್ ಸಪೋಸ್ಡ್ ಟು ಬಿ ಏಟ್, ನಿಕಿತಾ ನನ್ನ ಮೊಣಕೈ ಹಿಡಿಯುತ್ತಾಳೆ, ಏಟ್? ಅವನ ನಗು ಆರುತ್ತದೆ, ಜಾಗ ಇದೆ ಮ್ಯಾಮ್, ಇನ್ನೂ ನಾಲ್ಕು ಕೆತ್ತಬಹುದು, ನೀವು ಹೂಂ ಅಂದರೆ ಈಗಲೇ, ಬಟ್ ವೈ ಏಟ್? ಇಬ್ಬರೂ ನನ್ನನ್ನೇ ನೋಡುತ್ತಾರೆ, ಹೇಳಬೇಕು, ಹೆಗಲಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಗೊತ್ತು, ಮಣ್ಣಿಗೂ ಗೊತ್ತು, ಆದರೆ ನಾಲ್ವರು ಹೊತ್ತರು ಎಂದು ಕೆತ್ತು ಎನ್ನಲೇ, ಹೊತ್ತಿರಲಿಲ್ಲವಲ್ಲ, ಮೈಕು ಆನ್ ಇದ್ದ ಹಾಗೆ ಎಲ್ಲರಿಗೂ ಕೇಳುವಂತೆ ಕಲ್ಲಿನ ಮೇಲೆ ಸುಳ್ಳು, ಅತ್ತೆ ನಂಬಿಬಿಡುತ್ತಾರೆ, ನಂಬಿದರೆ — ಲೀವ್ ಇಟ್, ಇಟ್ ಈಸ್ ಗುಡ್, ಯಾರ ಬಾಯಿ ಅದು, ನನ್ನದೇ. ಅಮ್ಮ, ಎನ್ನುತ್ತಾಳೆ ನಿಕಿತಾ, ಅಷ್ಟೇ, ಮೊಣಕೈ ಬಿಡುವುದಿಲ್ಲ, ನಾನು ವಿಭೂತಿ ತೆಗೆದು ಬಾಗುತ್ತೇನೆ, ಅವನನ್ನು ಕೇಳಲೂ ಇಲ್ಲ, ನಾಲ್ಕು ಕಾಲೆಂದರೆ ಇಬ್ಬರು, ಮುಂದೊಬ್ಬಳು ಹಿಂದೊಬ್ಬಳು, ಅಂದು ಕಾರಿನಿಂದ ಇಳಿಯದೆ ಕೂತಿದ್ದ ನಾನು, ನಿಕಿತಾ, ಇಬ್ಬರೇ ಹೊತ್ತರೆ ವಾಲುತ್ತದೆ, ಕುಳಿತವರು ಒಂದು ಕಡೆಗೆ, ಫೋಟೋ ಕಳಿಸಿದರೆ ಅತ್ತೆ ಹಿಗ್ಗಿಸುತ್ತಾರೆ, ಬೆರಳಿಟ್ಟು ಎಣಿಸುತ್ತಾರೆ, ಒಂದು, ಎರಡು, ಮೂರು, ನಾಲ್ಕು, ಬೆರಳು ಮುಂದಕ್ಕೆ ಸರಿಯುತ್ತದೆ, ನುಣ್ಣನೆಯ ಕಲ್ಲು, ಮತ್ತೆ ಮೊದಲಿಂದ, ಮೂರು, ನಾಲ್ಕು, ನುಣ್ಣನೆಯ ಕಲ್ಲು, ನಾಲ್ಕು ಕಾಲು