ಸೊಂಟಕ್ಕೆ ಕಟ್ಟಿದ ಮಗ್ಗ

ತೋಮಾಸಾಳಿಗೆ ಎಂಟು ತಿಂಗಳು ತುಂಬಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೇ ಒಂದು ಯಾತ್ರೆಯಾಗಿತ್ತು. ಒಂದು ಕಾಲೆತ್ತಿ ಹೊಸ್ತಿಲು ದಾಟಿದರೆ ತೊಡೆಸಂದಿನ ಮೂಳೆ ಸೌದೆ ಸೀಳಿದಂತೆ ಎರಡಾಗುತ್ತಿತ್ತು. ಅಂಥದ್ದರಲ್ಲಿ ಅತ್ತೆ ಡೊಮಿಂಗಾ, ನಾಳೆ ಗುಡ್ಡಕ್ಕೆ ಕಾಫಿ ಹಣ್ಣು ಬಿಡಿಸಲು ಬಾ ಎನ್ನುತ್ತಿದ್ದಳು.

"ಆಗಲ್ಲ ಅತ್ತೆ. ನಡೆದ್ರೆ ಜೀವ ಹೋಗತ್ತೆ."

"ಬೆಳಗಿಂದ ಮಗ್ಗದಲ್ಲಿ ಕೂತಿದ್ಯಲ್ಲ, ಆಗೆಲ್ಲಿ ಹೋಗಿತ್ತು ನೋವು? ಸಂತೆಗಾ?"

ಮಗ್ಗದ ಒಂದು ತುದಿ ಅಂಗಳದ ಬೆಣ್ಣೆಹಣ್ಣಿನ ಮರಕ್ಕೆ, ಇನ್ನೊಂದು ತುದಿ ಅಗಲ ಪಟ್ಟಿಯಿಂದ ತೋಮಾಸಾಳ ಸೊಂಟಕ್ಕೆ. ಹಿಂದಕ್ಕೆ ವಾಲಿದರೆ ನೂಲು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲು. ಹೊಟ್ಟೆ ಬೆಳೆದಂತೆ ಪಟ್ಟಿಯೂ ಕೆಳಗಿಳಿದಿತ್ತು. ಅಲ್ಲಿ ಕೂತಷ್ಟು ಹೊತ್ತು ನೋವು ನಿಜಕ್ಕೂ ತಗ್ಗುತ್ತಿತ್ತು. ತಾನು ಮೈಗಳ್ಳಿಯೇ ಇರಬಹುದೇ ಎಂದು ಅವಳಿಗೇ ಅನುಮಾನ.

ಗಂಡ ಲೋರೆನ್ಸೊ ಸೊಂಟಕ್ಕೆ ಕೈಯಿಟ್ಟು ಬಾತುಕೋಳಿಯಂತೆ ಅಂಗಳ ಸುತ್ತಿ ಅವಳ ನಡಿಗೆ ತೋರಿಸಿದ. ಅವಳಿಗೆ ನಗು ಬಂತು. ನಕ್ಕರೂ ನೋಯುತ್ತಿತ್ತು.

"ಸೂಲಗಿತ್ತಿ ಹೇಳಿದಾಳೆ, ಏಳುವಾಗ ಮೊಣಕಾಲು ಕೂಡಿಸ್ಕೊಂಡು ಏಳಬೇಕಂತೆ. ಕೂತೇ ಲಂಗ ಸುತ್ಕೋಬೇಕಂತೆ, ಒಂಟಿಕಾಲಲ್ಲಿ ನಿಲ್ಲಬಾರದಂತೆ," ಎಂದಳು ತೋಮಾಸಾ.

"ಮೊಣಕಾಲು ಕೂಡಿಸೋ ಬುದ್ಧೀನ ಎಂಟು ತಿಂಗಳ ಹಿಂದೆ ಹೇಳ್ಬೇಕಿತ್ತು," ಎಂದಳು ಡೊಮಿಂಗಾ. "ಏಳೀಗ, ರೊಟ್ಟಿ ತಟ್ಟಬೇಕು."

ಸೊಸೆ ಏಳಲು ತಡಮಾಡಿದಳೆಂದು ತಾನೇ ಬಗ್ಗಿ ಪಟ್ಟಿ ಬಿಚ್ಚಿದಳು. ಎದ್ದು ಒಂದು ಹೆಜ್ಜೆ ಇಡುವಷ್ಟರಲ್ಲಿ ತೋಮಾಸಾ ಕಿರುಚಿ ಮರವನ್ನು ತಬ್ಬಿಕೊಂಡಳು.

ಅದು ನಾಟಕದ ಕೂಗಲ್ಲ. ಮುದುಕಿ ಕೈಯಲ್ಲಿದ್ದ ಪಟ್ಟಿ ನೋಡಿದಳು, ಸೊಸೆಯನ್ನು ನೋಡಿದಳು. ಆಮೇಲೆ ಎರಡೂ ಅಂಗೈಗಳಿಂದ ಅವಳ ಸೊಂಟವನ್ನು ಅಕ್ಕಪಕ್ಕದಿಂದ ಒತ್ತಿ ಹಿಡಿದಳು.

"ಈಗ?"

"ಈಗ ಉಸಿರು ಬಂತು."

ಕೈ ಬಿಟ್ಟಳು. "ಈಗ?"

"ಅಯ್ಯೋ, ಬಿಡ್ಬೇಡಿ ಅತ್ತೆ!"

ಡೊಮಿಂಗಾ ಮತ್ತೆ ಒತ್ತಿ ಹಿಡಿದಳು. "ನೀನು ಮಗ್ಗ ಎಳೆದು ಹಿಡಿದಿದ್ದೀಯ ಅಂದ್ಕೊಂಡಿದ್ದೆ. ಮಗ್ಗಾನೇ ನಿನ್ನ ಹಿಡಿದಿತ್ತಲ್ಲೇ."

ಪಟ್ಟಿಯನ್ನು ಮಗ್ಗದಿಂದ ಕಳಚಿ, ಹೊಟ್ಟೆಯ ಕೆಳಗೆ ಸೊಂಟ ಬಳಸಿ, ಅದರ ತುದಿಯ ಹಗ್ಗವನ್ನು ಮುಂದೆ ಗಂಟು ಹಾಕಿದಳು. ಅರ್ಧ ನೇಯ್ದ ರವಿಕೆ ಬಟ್ಟೆಯನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸಿದಳು.

"ಹಬ್ಬಕ್ಕೆ ನಿಮ್ಮ ರವಿಕೆ ಅತ್ತೆ..."

"ಹಳೇದಿದೆ."

"ನಾಳೆ ಗುಡ್ಡಕ್ಕೆ?"

"ಲೋರೆನ್ಸೊ ಬರ್ತಾನೆ. ಬಾತುಕೋಳಿ ನಡಿಗೆ ಕಲಿತಿದಾನಲ್ಲ, ಹತ್ತಲಿ."

ನೋವೇನೂ ಊರು ಬಿಟ್ಟು ಹೋಗಲಿಲ್ಲ. ತುಸು ಅತ್ತ ಸರಿದು ಕೂತಿತು, ಅಷ್ಟೆ. ತೋಮಾಸಾ ಸಣ್ಣ ಸಣ್ಣ ಹೆಜ್ಜೆಯಲ್ಲಿ ಒಳಗೆ ಹೋದಳು. ಮಂಚದ ಅಂಚಿನಲ್ಲಿ ಕೂತು, ಮೊಣಕಾಲು ಜೋಡಿಸಿ, ಮರದ ದಿಮ್ಮಿಯಂತೆ ಇಡೀ ಮೈ ಹೊರಳಿಸಿ ಮಗ್ಗುಲಾಗಿ ಮಲಗಿ, ಕಾಲುಗಳ ನಡುವೆ ಮಡಚಿದ ಶಾಲು ಇಟ್ಟುಕೊಂಡಳು. ಹೊರಗೆ ರೊಟ್ಟಿ ತಟ್ಟುವ ಸದ್ದು ಕೇಳತೊಡಗಿತು. ಅದು ಅವಳ ಕೆಲಸ. ಯಾರೂ ಅವಳನ್ನು ಕರೆಯಲಿಲ್ಲ.