ಮದರ್‌ಬೋರ್ಡಿಗೆ ಮೂರು ಹನಿ ತೀರ್ಥ

ನೀಲಾವತಿ ಬಾಗಿಲ ಮುಂದೆ ಸಾರಿಸಿ ರಂಗೋಲಿಗೆ ಚುಕ್ಕಿ ಇಡುತ್ತಿದ್ದಳು. ಆಯುಧಪೂಜೆಯ ಬೆಳಗು. ಐದನೆಯ ಸಾಲಿಗೆ ಬಂದಿದ್ದಳು, ಅಷ್ಟರಲ್ಲಿ ಒಳಗಿನಿಂದ ಮಗಳ ಕೂಗು ಕೇಳಿಸಿತು.

“ಅವ್ವಾ! ಇದು ಆನ್ ಆಯ್ತಿಲ್ಲ ಕಣವ್ವಾ!”

ಬೆರಳ ಸಂದಿಯಿಂದ ಪುಡಿ ಒಂದೇ ಕಡೆ ಸುರಿದು ಗುಪ್ಪೆಯಾಯಿತು. ಯಾವುದು ಆನ್ ಆಗುತ್ತಿಲ್ಲ ಎಂದು ನೀಲಾವತಿ ಕೇಳಲಿಲ್ಲ. ಯಾವುದು ಎಂಬುದೂ ಗೊತ್ತಿತ್ತು, ಯಾಕೆ ಎಂಬುದೂ ಗೊತ್ತಿತ್ತು.

ಶಿವರಂಜಿನಿ ಎಂಟು ತಿಂಗಳಿಂದ ಆ ಕಂಪ್ಯೂಟರನ್ನು ಕೂಡಿಸುತ್ತಿದ್ದಳು. ಡಿಗ್ರಿ ಎರಡನೇ ವರ್ಷದ ಹುಡುಗಿ, ವಿಡಿಯೋ ಎಡಿಟಿಂಗ್ ಹುಚ್ಚು. ಮೊಬೈಲಿನಲ್ಲೇ ಅವಳು ಕತ್ತರಿಸಿ ಜೋಡಿಸಿದ ಒಂದು ನಾಮಕರಣದ ವಿಡಿಯೋ ನೋಡಿ, ಚಾಮರಾಜನಗರದಲ್ಲಿ ಸ್ಟುಡಿಯೋ ಇಟ್ಟಿದ್ದ ಸಿದ್ದಮಲ್ಲಪ್ಪ, “ಸ್ವಂತ ಸಿಸ್ಟಮ್ ಮಾಡ್ಕೊ ಕಣಮ್ಮಿ, ದೀಪಾವಳಿ ಕಳುದ್ ಮೇಲಿನ ಮದ್ವೆ ಎಲ್ಲ ನಿಂಗೇ” ಎಂದಿದ್ದ. ಮೊದಲು ಶ್ರಾವಣದಲ್ಲಿ ನಡೆದ ಒಂದು ಮದುವೆಯ ವಿಡಿಯೋ ಕೊಟ್ಟು, ದಸರಾ ಮುಗಿದು ಮೂರನೇ ದಿನಕ್ಕೆ ಬೇಕು ಎಂದು ಗಡುವು ಇಟ್ಟಿದ್ದ.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಯಂತ್ರ ಇವರ ಕೈಗೆ ಎಟುಕುವಂಥದ್ದಲ್ಲ. ಅವಳ ಸ್ಕಾಲರ್‌ಶಿಪ್ಪಿಗೆ ರ‍್ಯಾಮ್ ಬಂತು. ಗೌರಿ ಹಬ್ಬಕ್ಕೆ ನೀಲಾವತಿ ಹೊಲಿದ ರವಿಕೆಗಳಿಗೆ ಎಸ್‌ಎಸ್‌ಡಿ ಬಂತು. ಮದರ್‌ಬೋರ್ಡು, ಪ್ರೊಸೆಸರು ಎರಡನ್ನೂ ಗುಂಡ್ಲುಪೇಟೆಯ ಶರತನ ಅಂಗಡಿಯಲ್ಲಿ ಸೆಕೆಂಡ್‌ಹ್ಯಾಂಡ್ ತಂದಳು, ಒಂದು ತಿಂಗಳ ವಾರಂಟಿಯೊಂದಿಗೆ. ಕೇಬಿನೆಟ್ಟು ಮಾತ್ರ ಬೇಡವೆಂದಳು. “ಬರೀ ಡಬ್ಬಕ್ ಯಾಕವ್ವ ದುಡ್ಡು?” ಎಂದು ಒಂದು ಪ್ಲೈವುಡ್ ಹಲಗೆಗೆ ಬೋರ್ಡನ್ನು ಸ್ಕ್ರೂ ಹಾಕಿ ಕೂರಿಸಿ, ಹೊಲಿಗೆ ಮಿಷನ್ನಿನ ಪಕ್ಕದ ಮೇಜಿನ ಮೇಲಿಟ್ಟಳು.

“ಬಟ್ಟೆ ಇಲ್ದೆ ಕೂಸ್ ಮಲಗ್ದಂಗದ” ಎಂದು ನೀಲಾವತಿ ನಕ್ಕಿದ್ದಳು. ನಕ್ಕವಳೇ ಮಿಕ್ಕ ಲೈನಿಂಗ್ ಬಟ್ಟೆಯಲ್ಲಿ ಅದಕ್ಕೊಂದು ಮುಸುಕು ಹೊಲಿದುಕೊಟ್ಟಿದ್ದಳು.

ಆ ಬೆಳಿಗ್ಗೆ ಮುಸುಕು ತೆಗೆದವಳೂ ಅವಳೇ. ಮಗಳು ಸ್ನಾನಕ್ಕೆ ಹೋಗಿದ್ದಳು. ಇಪ್ಪತ್ತು ವರ್ಷದಿಂದ ಹೊಲಿಗೆ ಮಿಷನ್ನಿಗೆ ಮಾಡುತ್ತಿದ್ದ ಹಾಗೆಯೇ ಅದಕ್ಕೂ ಮಾಡಿದಳು: ಹಲಗೆಯ ಅಂಚಿಗೆ ವಿಭೂತಿ, ಕುಂಕುಮ, ಮೇಲೆ ನಾಲ್ಕು ಕಾಳು ಅಕ್ಷತೆ, ಒಂದು ಚೆಂಡುಹೂವು. ಕೂಸಿನ ಕೈ ಹಿಡಿದು ನಡೆಸಪ್ಪ ಎಂದು ಬೇಡಿಕೊಂಡು, ಹೂವನ್ನು ತೀರ್ಥದಲ್ಲಿ ಅದ್ದಿ ಮೂರು ಸಲ ಚಿಮುಕಿಸಿದಳು. ಬೋರ್ಡಿನ ಮೂಲೆಯಲ್ಲಿ ಒಂದು ಪುಟ್ಟ ಹಸಿರು ದೀಪ ಉರಿಯುತ್ತಿತ್ತು. ಚಟ್ ಎಂದಿತು. ದೀಪ ಆರಿತು.

ಸೆರಗಿನಿಂದ ಒರೆಸಿದಳು. ಹೂವು, ಅಕ್ಷತೆ ಆಯ್ದು ತೆಗೆದಳು. ಮುಸುಕು ಹಾಕಿ, ರಂಗೋಲಿ ಡಬ್ಬಿ ಹಿಡಿದು ಹೊರಗೆ ಬಂದಳು.

ಹಬ್ಬದ ಊಟ ಆಗಲಿ, ಹೇಳೋಣ ಎಂದುಕೊಂಡಳು. ಊಟವಾಯಿತು. ಪಾತ್ರೆ ಬೆಳಗಿದ ಮೇಲೆ ಎಂದುಕೊಂಡಳು. ಪಾತ್ರೆಯೂ ಬೆಳಗಿ ಮುಗಿಯಿತು. ಶಿವರಂಜಿನಿ ಒಂದೊಂದೇ ವೈರು ಕಿತ್ತು ಮತ್ತೆ ಚುಚ್ಚುತ್ತಾ ಕೂತಿದ್ದಳು.

“ನಾನೇ ಯಾನಾರ ತಪ್ಪ್ ಮಾಡ್ಬುಟ್ನಾ ಅವ್ವಾ?” ಎಂದು ತಾಯಿಯ ಮುಖವನ್ನೇ ನೋಡಿದಳು.

“ಹಳೇ ಸಾಮಾನು ಕಣ್ ಮಗ, ಕೆಟ್ಟೋಯ್ತದ” ಎಂದಳು ನೀಲಾವತಿ. 

ವಿಜಯದಶಮಿಯ ಮಾರನೆಯ ದಿನ ಇಬ್ಬರೂ ಗುಂಡ್ಲುಪೇಟೆ ಬಸ್ಸು ಹತ್ತಿದರು. ಬೋರ್ಡು ಲೈನಿಂಗ್ ಬಟ್ಟೆಯಲ್ಲಿ ಸುತ್ತಿಕೊಂಡು ನೀಲಾವತಿಯ ತೊಡೆಯ ಮೇಲಿತ್ತು. ತೆರಕಣಾಂಬಿಯಲ್ಲಿ ಟೊಮೆಟೊ ಕ್ರೇಟು ಇಳಿಸಿದವರು “ಗಂಟ್ನಲ್ಲಿ ಯಾನಕ್ಕ, ಕೋಳಿಮರಿಯಾ?” ಎಂದು ಕೇಳಿ ನಕ್ಕರು. ಇವಳಿಗೆ ನಗು ಬರಲಿಲ್ಲ.

ಶರತ್ ದೀಪದ ಕೆಳಗೆ ಬೋರ್ಡು ಹಿಡಿದು ನೋಡಿದ. “ನೀರ್ ಬಿದ್ದದಲ್ಲ ಇದ್ಕೆ.”

“ನಮ್ಮನೇಲಿ ಅದುನ್ನ ಯಾರೂ ಮುಟ್ಟಲ್ಲ ಅಣ್ಣ” ಎಂದಳು ಶಿವರಂಜಿನಿ.

ಅವನು ಚಿಮಟ ತೆಗೆದುಕೊಂಡು ಫ್ಯಾನಿನ ಸಂದಿಯಿಂದ ಏನನ್ನೋ ಎತ್ತಿ ಅಂಗೈಯಲ್ಲಿಟ್ಟ. ಅರಿಶಿನದ ಒಂದು ಅಕ್ಕಿ ಕಾಳು.

“ಓಹೋ! ಧಾರೆ ಎರ್ದ್ಬುಟ್ರಾ?” ಅಂಗಡಿಯಲ್ಲಿದ್ದ ನಾಲ್ಕು ಜನ ಗೊಳ್ಳೆಂದರು. “ಕಂಪ್ಯೂಟರ್ ಜೋಡ್ಸದ್ ಕಲ್ತಿದ್ದೀಯ, ಕರೆಂಟ್‌ಗೆ ನೀರ್ ಹಾಕ್ಬಾರ್ದು ಅನ್ನದ್ ಗೊತ್ತಿಲ್ವಾ ಕಣಮ್ಮಿ? ಸುಳ್ಳ್ ಬೇರೆ ಹೇಳ್ತೀಯ. ವಾರಂಟೀಲಿ ತೀರ್ಥ ಬರಾಕಿಲ್ಲ.”

ನೀಲಾವತಿ ಬಾಯಿ ತೆರೆದಳು.  ಹೇಳಬೇಕಾದ್ದು ಒಂದೇ ಮಾತು. ಅಷ್ಟರಲ್ಲಿ ಮಗಳೇ ತಲೆ ತಗ್ಗಿಸಿ ಅಂದಳು: “ಹ್ಞೂ ಅಣ್ಣ. ನಾನೇ ಪೂಜೆ ಮಾಡ್ದೆ. ಗೊತ್ತಾಗ್ನಿಲ್ಲ.”

ತೆರೆದ ಬಾಯಿಯನ್ನು ನೀಲಾವತಿ ಹಾಗೆಯೇ ಮುಚ್ಚಿಕೊಂಡಳು.

ಬಸ್ ಸ್ಟ್ಯಾಂಡಿನಲ್ಲಿ ಸಿದ್ದಮಲ್ಲಪ್ಪನ ಫೋನು ಬಂತು; ಸಿಸ್ಟಮ್ ಕೆಟ್ಟಿರುವುದನ್ನು ಹುಡುಗಿ ಹಿಂದಿನ ದಿನವೇ ಅವನಿಗೆ ತಿಳಿಸಿದ್ದಳು. ಶಿವರಂಜಿನಿ ಕೇಳಿಸಿಕೊಂಡಳು, “ಆಯ್ತು ಸಾರ್” ಎಂದು ಎರಡು ಸಲ ಅಂದಳು, ಫೋನಿಟ್ಟಳು. “ಬ್ಯಾರೇರಿಗ್ ಕೊಟ್ರಂತೆ. ಮುಂದುಲ್ ವರ್ಷ ನೋಡನ ಅಂದ್ರು.”

ಬಸ್ಸು ಹೊರಟಿತು. ಹುಡುಗಿ ಕಿಟಕಿಯ ಕಡೆ ಕೂತಿದ್ದಳು. ಚಿಕ್ಕವಳಿದ್ದಾಗ ಮಿಷನ್ನಿನ ಸೂಜಿ ಮುರಿದು, ಹೊಡೆತಕ್ಕೆ ಹೆದರಿ ಎರಡು ದಿನ ಅದನ್ನು ಬಚ್ಚಿಟ್ಟುಕೊಂಡಿದ್ದಳು. ಅವತ್ತು ನೀಲಾವತಿಯೇ ಗದ್ದ ಹಿಡಿದೆತ್ತಿ, ತಪ್ಪು ಮಾಡಿದರೆ ಹೇಳಿಬಿಡಬೇಕು ಕೂಸೇ, ಹೇಳಿದರೆ ಅರ್ಧ ಕಳೆಯುತ್ತದೆ ಎಂದು ಬುದ್ಧಿ ಹೇಳಿದ್ದಳು. ಆ ಮಾತು ಈಗ ನೆನಪಾಗಬಾರದಿತ್ತು.

ತೆರಕಣಾಂಬಿ ದಾಟಿತು. ನೀಲಾವತಿ ಬೋರ್ಡಿನ ಬಟ್ಟೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದಳು.

“ಮಗಾ…” ಎಂದಳು ಕೊನೆಗೂ.

“ನಂಗ್ ಅವತ್ತೇ ಗೊತ್ತಾಯ್ತು ಕಣವ್ವ” ಎಂದಳು ಶಿವರಂಜಿನಿ, ಕಿಟಕಿಯಿಂದ ಮುಖ ತಿರುಗಿಸದೆ. “ಹಲ್ಗೆ ಮೇಲೆ ಕುಂಕ್ಮ ಒದ್ದೆಯಾಗಿತ್ತು. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಬೋರ್ಡ್ ಹೋದ್ರೆ ಹೋಗ್ಲಿ ಬುಡು, ಇನ್ನೊಂದ್ ತರನ.”

ಆಮೇಲೆ ತಿರುಗಿದಳು. ಕಣ್ಣು ತುಂಬಿತ್ತು.

“ಅಷ್ಟ್ ಜನದ್ ಮುಂದೆ ನನ್ನ ಸುಳ್ಳಿ ಅಂದ್ನಲ್ಲ, ಆಗ್ಲೂ ಯಾಕವ್ವ ಬಾಯಿ ಬುಡ್ನಿಲ್ಲ ನೀನು?”