ನೀಲಾವತಿ ನುಂಗಿದ ಹನ್ನೆರಡನೇ ಶಬ್ದ

೧.

ಎಲ್ಲಿಂದ ಸುರು ಮಾಡುದು ಅಂತಲೇ ಗೊತ್ತಾಗುದಿಲ್ಲ ಮಾರ್ರೆ. ಚಾರ್ಮಾಡಿ ಘಾಟಿಯಲ್ಲಿ ವಸಂತನ ಫೋನು ಬಿದ್ದಲ್ಲಿಂದಲಾ? ಸುರುವಿಗೇ ಬಿದ್ದ ಸುದ್ದಿ ಹೇಳಿದ್ರೆ ಅಪಶಕುನ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಹನ್ನೊಂದು ಜನ ಫಾರಿನ್ನಿನವರು ಬ್ಯಾಗು ಹಿಡ್ಕೊಂಡು ನಿಂತಲ್ಲಿಂದಲಾ? ಅವರು ಇನ್ನೂ ಬಂದೇ ಇಲ್ಲ, ಶನಿವಾರ ಬೆಳಿಗ್ಗೆ ಬರುದು. ಬರದವರನ್ನು ಈಗಲೇ ನಿಲ್ಲಿಸಿದ್ರೆ ಪಾಪ, ಕಾಲು ನೋವಾಗ್ತದೆ.

ಮೊದಲು ಒಂದು ಸುರು ಬರ್ದಿದ್ದೆ: “ಒಂದು ಊರಿನಲ್ಲಿ ಎಲ್ಲಿಯೂ ಇಲ್ಲದ ದುಡ್ಡು ಇತ್ತು.” ಓದಿ ನನಗೇ ಮಂಡೆಬೆಚ್ಚ ಆಯಿತು. ಹರಿದು ಒಲೆಗೆ ಹಾಕಿದೆ. (ಸುಳ್ಳು. ಹರಿದದ್ದು ಹೌದು. ಒಲೆ ಗ್ಯಾಸಿಂದು, ಅದಕ್ಕೆ ಕಾಗದ ಹಾಕ್ಲಿಕ್ಕೆ ಆಗುದಿಲ್ಲ.)

೧. (ಪುನಃ)

ನೀಲಾವತಿಯಿಂದಲೇ ಸುರು ಮಾಡುವ. ಬೆಳ್ತಂಗಡಿಯ ಹತ್ತಿರ ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸು. ವಯಸ್ಸು ಎಪ್ಪತ್ತೊಂದು, ಅವಳ ಬಾಯಿಯಲ್ಲಿ ನೂರಾ ನಾಲ್ಕು. ಅವಳ ಕಿವಿಗೆ ಇಲಿ ಹೊಕ್ಕರೆ ಬಾಯಿಯಿಂದ ಆನೆಯಾಗಿ ಹೊರಗೆ ಬರ್ತದೆ.

ಗಂಡ ನೋಣಯ್ಯ ಇದ್ದಾಗ ಇಷ್ಟು ಕಷ್ಟ ಇರಲಿಲ್ಲ. ಅವಳು “ಹಿತ್ತಲಲ್ಲಿ ಹತ್ತು ಹಾವು” ಅಂದ್ರೆ ಅವರು ತಲೆ ಎತ್ತದೆ, “ಅರ್ಧ ಮಾಡು” ಅನ್ನುವರು. “ಸರಿ, ಐದು.” “ಇನ್ನೂ ಅರ್ಧ ಮಾಡು.” ಹಾಗೆ ಮಾಡ್ತಾ ಮಾಡ್ತಾ ಕೊನೆಗೆ ಒಂದು ಹಗ್ಗ ಉಳೀತಿತ್ತು. ಅವರು ಹೋಗಿ ಒಂಬತ್ತು ವರ್ಷ ಆಯಿತು. ಈಗ ಅರ್ಧ ಮಾಡ್ಲಿಕ್ಕೆ ಜನ ಇಲ್ಲ.

(ಈ ನೀಲಾವತಿ ನಾನೇ ಅಂತ ನೀವು ಗ್ರಹಿಸಿದ್ರೆ ತಪ್ಪು. ಅವಳಿಗೆ ನೋವು ಬಲದ ಮೊಣಕಾಲು. ನನಗೆ ಎಡದ್ದು.)

೨.

ವಸಂತ ಅವಳ ತಂಗಿಯ ಮಗ. ಅದೇ ಮನೆಯಲ್ಲಿ ಇರುದು. ಅವನಿಗೆ ಒಂದು ಟೂರಿಸ್ಟ್ ವ್ಯಾನ್ ಉಂಟು, ಒಂದೇ. ಆದರೆ ಮೂಡುಬಿದಿರೆಯಲ್ಲಿ ಕಾಲೇಜು ಕಲಿಯುವ ಮಗಳು ವಿಸ್ಮಿತಾ ಮಾಡಿಕೊಟ್ಟ ವೆಬ್‌ಸೈಟಿನಲ್ಲಿ ಆ ಒಂದೇ ವ್ಯಾನಿನ ಫೋಟೋ ಆರು ಕಡೆಯಿಂದ ತೆಗೆದು ಹಾಕಿದ್ದಾರೆ. ನೋಡಿದವರಿಗೆ ಆರು ವ್ಯಾನ್ ಕಾಣ್ತದೆ. ಕೆಳಗೆ ಬರ್ದದ್ದು: ನಗದು, ಗೂಗಲ್ ಪೇ, ಕ್ರಿಪ್ಟೋ, ಎಲ್ಲ ತಗೊಳ್ತೇವೆ.

“ಕ್ರಿಪ್ಟೋ ಅಂದ್ರೆ ಎಂತ ಮಗಾ?” ನೀಲಾವತಿ ಕೇಳಿದಳು.

“ಅದು ಕಾಯಿನ್ ಅಜ್ಜಿ,” ಅಂದಳು ವಿಸ್ಮಿತಾ.

“ಎಲ್ಲಿ, ತೋರಿಸು.”

“ತೋರಿಸ್ಲಿಕ್ಕೆ ಆಗುದಿಲ್ಲ. ಅದು ಎಲ್ಲಿಯೂ ಇಲ್ಲ.”

“ಎಲ್ಲಿಯೂ ಇಲ್ಲದ್ದನ್ನು ಕೊಟ್ಟು ನಮ್ಮ ವ್ಯಾನಿನಲ್ಲಿ ಕೂರ್ತಾರಾ? ಹಾಗಾದ್ರೆ ನಮ್ಮ ವ್ಯಾನೂ ಎಲ್ಲಿಯೂ ಹೋಗದೆ ಇರ್ಲಿ, ಲೆಕ್ಕ ಸಮ ಆಯಿತು.”

ಐದು ತಿಂಗಳು ಯಾರೂ ಬರಲಿಲ್ಲ. ಆರನೇ ತಿಂಗಳು ನನ್ನ ನಾಲಿಗೆಗೆ ಹತ್ತದ ಒಂದು ದೇಶದಿಂದ ಹನ್ನೊಂದು ಜನ ಬುಕ್ ಮಾಡಿದರು. ಮೂಡುಬಿದಿರೆಯ ಬಸದಿ, ಧರ್ಮಸ್ಥಳ, ಚಾರ್ಮಾಡಿ ಘಾಟಿ, ಮೂರು ದಿನ. ಪೂರ್ತಿ ದುಡ್ಡು ಮುಂಚೆಯೇ ಬಂತು, ಕಾಯಿನಿನಲ್ಲಿ. ನಮ್ಮ ರೂಪಾಯಿಯಲ್ಲಿ ಒಂದು ಲಕ್ಷದ ಹತ್ತಿರ. (ನೀಲಾವತಿ ಊರಿಗೆಲ್ಲ ಹೇಳಿದ್ದು ಒಂದು ಕೋಟಿ.)

೩.

ಅಂಥ ದುಡ್ಡಿನ ಪೆಟ್ಟಿಗೆಗೆ ಕೀಲಿಕೈ ಇಲ್ಲ, ಹನ್ನೆರಡು ಇಂಗ್ಲಿಷ್ ಶಬ್ದ ಉಂಟು. ಫೋನು ಹಾಳಾದ್ರೆ ಹೊಸ ಫೋನಿನಲ್ಲಿ ಆ ಹನ್ನೆರಡನ್ನು ಸಾಲಾಗಿ ಒತ್ತಬೇಕು. ಒಂದು ತಪ್ಪಿದ್ರೂ ಪೆಟ್ಟಿಗೆ ತೆರೀಲಿಕ್ಕಿಲ್ಲ. ಕಂಪ್ಲೇಂಟ್ ಕೊಡುವ ಅಂದ್ರೆ ಮ್ಯಾನೇಜರ್ ಇಲ್ಲ, ಕೌಂಟರ್ ಇಲ್ಲ, ಚಹಾ ಕುಡಿಲಿಕ್ಕೆ ಹೋದ ಕ್ಲಾರ್ಕೂ ಇಲ್ಲ.

“ಫೋನಿನಲ್ಲಿ ಬರ್ದಿಡ್ಬಾರ್ದು ಪಪ್ಪ, ಕದೀತಾರೆ,” ಅಂದಳು ವಿಸ್ಮಿತಾ.

“ಕಾಗದದಲ್ಲಿ?”

“ಅದನ್ನೂ ಕದೀತಾರೆ.”

ಅಪ್ಪ, ಮಗಳು ಇಬ್ಬರೂ ತಿರುಗಿ ನೀಲಾವತಿಯ ತಲೆಯನ್ನೇ ನೋಡಿದರು. ಆ ತಲೆಯಲ್ಲಿ ಊರಿನ ಅಷ್ಟೂ ದನಗಳು ಕರು ಹಾಕಿದ ದಿನ ಉಂಟು, ಅಷ್ಟೂ ಬಸ್ಸಿನ ಟೈಮು ಉಂಟು. ವಿಸ್ಮಿತಾ ಒಂದೊಂದೇ ಶಬ್ದದ ಅರ್ಥ ಹೇಳಿದಳು, ನೀಲಾವತಿ ಒಂದಕ್ಕೊಂದು ಗಂಟು ಹಾಕಿ ಕಥೆ ಕಟ್ಟಿದಳು. ಬೆಕ್ಕು ಕೊಡೆ ಹಿಡ್ಕೊಂಡು ಏಣಿ ಹತ್ತಿ ಮದುವೆಗೆ ಹೊರಟಿತು, ಹೀಗೆ ಹನ್ನೆರಡು. ವಸಂತ ಕಾಗದವನ್ನು ಬಚ್ಚಲ ಒಲೆಗೆ ಹಾಕಿದ. (ಅವರದ್ದು ಸೌದೆ ಒಲೆ.)

“ದೊಡ್ಡಮ್ಮ, ಯಾರಿಗೂ ಹೇಳ್ಬೇಡಿ.”

“ನನ್ನ ಬಾಯಿ ಬ್ಯಾಂಕಿನ ಲಾಕರ್ ಮಾರಾಯ.”

೩½.

ನಿಮಗೊಂದು ಮಾತು. ಬೆಕ್ಕು ಅಂತ ಬರ್ದಲ್ಲಿ ನಿಜವಾಗಿ ಬೆಕ್ಕು ಇಲ್ಲ, ಏಣಿ ಇದ್ದಲ್ಲಿ ಏಣಿ ಇಲ್ಲ. ಎಲ್ಲ ಬದಲಾಯಿಸಿದ್ದೇನೆ. ನಿಮ್ಮ ಮೇಲೆ ಸಂಶಯ ಅಲ್ಲ. ನಿಮ್ಮ ಹಿಂದಿನಿಂದ ಇಣುಕಿ ಓದ್ತಾ ಇದ್ದಾನಲ್ಲ, ಅವನ ಮೇಲೆ.

೪.

ಲಾಕರ್ ಎರಡೇ ದಿನದಲ್ಲಿ ತೆರೆಯಿತು. ಪಕ್ಕದ ಮನೆಯ ಖತೀಜಮ್ಮ ದಿನಾ ಮಧ್ಯಾಹ್ನ ಬೀಡಿಯ ಮೊರ ಹಿಡ್ಕೊಂಡು ಇದೇ ಜಗಲಿಗೆ ಬರುದು. ಇಬ್ಬರೂ ಎದುರುಬದುರು ಕೂತು ಎಲೆ ಕತ್ತರಿಸುವಾಗ ಬಾಯಿ ಸುಮ್ಮನೆ ಇರ್ತದಾ? ನೀಲಾವತಿ ಇದು ಕೀಲಿಕೈ ಅಂತ ಹೇಳಲಿಲ್ಲ. ಬರೀ ಕಥೆ ಹೇಳಿದಳು. ಖತೀಜಮ್ಮ ನಕ್ಕು ನಕ್ಕು ಹೊಗೆಸೊಪ್ಪು ಚೆಲ್ಲಿದಳು. ಚೆಲ್ಲಿದ ಹೊಗೆಸೊಪ್ಪಿನ ಜೊತೆ ಕಥೆಯೂ ಬೀಡಿ ಡಿಪೋಕ್ಕೆ ಹೋಯಿತು. ಡಿಪೋದಿಂದ ಬಸ್ಸು ಹತ್ತಿತು.

ಮರುದಿನ ಅದೇ ಬೆಕ್ಕಿಗೆ ಖತೀಜಮ್ಮ ಅಷ್ಟು ನಗಲಿಲ್ಲ. ಎಂತ ಮಾಡುದು? ನೀಲಾವತಿ ಬೆಕ್ಕನ್ನು ಕಾಡುಬೆಕ್ಕು ಮಾಡಿದಳು. ವಾರದಲ್ಲಿ ಅದು ಚಿರತೆ. ತಿಂಗಳು ಕಳೆಯುವಾಗ ಹುಲಿ, ಅದರ ಕೈಯಲ್ಲಿ ಅರುವತ್ತು ಕೊಡೆ.

೫.

ಈಗ ಬೀಳಿಸುವ ಫೋನನ್ನು.

ಮಂಗಳವಾರ ವಸಂತ ವೆಬ್‌ಸೈಟಿಗೆ ಹೊಸ ಫೋಟೋ ತೆಗೀಲಿಕ್ಕೆ ಚಾರ್ಮಾಡಿಗೆ ಹೋದ. ಘಾಟಿಯ ತಿರುವಿನಲ್ಲಿ ಒಂದು ಮಂಗ ಬಂತು, ಇವನು ಬೊಬ್ಬೆ ಹಾಕಿದ, ಫೋನು ಮೂರು ಸಾವಿರ ಅಡಿ ಕೆಳಗೆ ಹೋಯಿತು. (ಅರ್ಧ ಮಾಡಿ. ಇನ್ನೂ ಅರ್ಧ. ಇರ್ಲಿ, ಸಿಗದಷ್ಟು ಕೆಳಗೆ.) ವಾಪಸು ಬರುವಾಗ ವ್ಯಾನಿನ ಗೇರ್‌ಬಾಕ್ಸೂ ಹೋಯಿತು. ಎಳ್ಕೊಂಡು ಹೋಗಿ ಬಂಟ್ವಾಳದಲ್ಲಿ ಧರ್ಣಪ್ಪನ ಗ್ಯಾರೇಜಿಗೆ ಹಾಕಿದರು.

“ದುಡ್ಡು ಉಂಟು ಧರ್ಣಪ್ಪಣ್ಣ, ಕಾಯಿನಿನಲ್ಲಿ ಉಂಟು,” ಅಂದ ವಸಂತ.

ಧರ್ಣಪ್ಪ ಕೈ ಒರೆಸಿಕೊಂಡ. “ಕಾಯಿನ್ ಆದ್ರೆ ನೆಲಕ್ಕೆ ಹಾಕಿ, ಠಣ್ ಅನ್ಲಿ.”

“ಅದು ಇಂಟರ್ನೆಟ್ಟಿನಲ್ಲಿ ಇರುದು.”

“ಹಾಗಾದ್ರೆ ಗಾಡಿಯನ್ನೂ ಇಂಟರ್ನೆಟ್ಟಿನಲ್ಲೇ ಓಡಿಸಿ ವಸಂತಣ್ಣ. ಶುಕ್ರವಾರ ಸಂಜೆ ಒಳಗೆ ದುಡ್ಡು ಕೊಟ್ರೆ ಶನಿವಾರ ಬೆಳಿಗ್ಗೆ ಗಾಡಿ. ಇಲ್ಲದಿದ್ರೆ ನಿಮ್ಮ ಫಾರಿನ್ನಿನವರಿಗೆ ಆಟೋ ಮಾಡಿ.”

ಹಾಗೆ ಹನ್ನೊಂದು ಜನರ ಟೂರು, ವಸಂತನ ವ್ಯಾನು, ಅವನ ಹೆಸರು, ಮೂರೂ ಬಂದು ಒಂದು ಮುದುಕಿಯ ಬಾಯಿಯಲ್ಲಿ ನಿಂತಿತು.

೬.

“ದೊಡ್ಡಮ್ಮ, ಹೇಳಿ. ಹನ್ನೆರಡು ಶಬ್ದ.”

“ಬರ್ಕೋ. ಒಂದು ಹುಲಿ...”

“ಹುಲಿ ಇರ್ಲಿಲ್ಲ ಅಜ್ಜಿ!” ವಿಸ್ಮಿತಾ ಕಿರುಚಿದಳು.

“ನಿನಗೆ ನೆನಪುಂಟಾದ್ರೆ ನೀನೇ ಹೇಳು.”

“ನನಗೆ ಒಂದೂ ನೆನಪಿಲ್ಲ. ಆದರೆ ಹುಲಿ ಇರ್ಲಿಲ್ಲ.”

ಹುಲಿ ಒತ್ತಿ ನೋಡಿದರು. ತೆರೀಲಿಲ್ಲ. ಅರುವತ್ತು ಕೊಡೆಯನ್ನು ಹೇಗೆ ಒತ್ತುದು ಅಂತ ಯಾರಿಗೂ ಗೊತ್ತಾಗಲಿಲ್ಲ. ನೀಲಾವತಿ ಬೀಡಿಯ ಮೊರವನ್ನು ಕೆಳಗಿಟ್ಟಳು. ಹುಲಿಗೆ ಮುಂಚೆ ಅಲ್ಲಿ ಎಂತದೋ ಇತ್ತು. ಎಂತ ಇತ್ತು? ಹುಲಿ ಅದನ್ನು ತಿಂದು ಕೂತಿದೆ.

ಖತೀಜಮ್ಮ ಮೆಲ್ಲ ಹೇಳಿದಳು: “ನೀಲಕ್ಕ, ನನಗೂ ಹುಲಿಯೇ ನೆನಪು. ದಿನಾ ಕೇಳಿ ಕೇಳಿ ಹಳತು ಹೋಯಿತು. ನನ್ನ ಡಿಪೋದ ಫ್ರೆಂಡಿಗೆ ಮಾತ್ರ ಅದು ಚಿರತೆ.”

ವಿಸ್ಮಿತಾ ತಟ್ಟನೆ ಎದ್ದು ನಿಂತಳು. “ಪಪ್ಪ! ಮೊದಲು ಹೇಳಿದ ಕಥೆ ಮೊದಲು ಬಸ್ಸು ಹತ್ತಿದೆ. ಅದು ಈಗ ಎಲ್ಲರಿಗಿಂತ ದೂರದಲ್ಲಿ ಇರ್ತದೆ. ದೂರ ಹೋದಷ್ಟು ಪ್ರಾಣಿ ಸಣ್ಣದಾಗ್ತದೆ!”

೭.

(ಇಂಥ ಲಾಜಿಕ್ಕು ಕಥೆಯಲ್ಲಿ ಮಾತ್ರ ನಡೀತದೆ ಅಂತ ನೀವು ಹೇಳ್ತೀರಿ. ಇದು ಕಥೆಯೇ. ಮತ್ತೆಂತ ಪಂಚಾಯತ್ ಮೀಟಿಂಗಾ?)

ಶುಕ್ರವಾರ ಬೆಳಿಗ್ಗೆ ವಸಂತ ಬಸ್ಸು ಹತ್ತಿದ. ವ್ಯಾನಿನ ಯಜಮಾನ ಬಸ್ಸಿನಲ್ಲಿ ನೇತಾಡ್ತಾ ಹೊರಟ. ಗುರುವಾಯನಕೆರೆಯ ಚಹಾ ಅಂಗಡಿಯಲ್ಲಿ ಕೇಳಿದ, ಅಲ್ಲಿ ಚಿರತೆ, ಇಪ್ಪತ್ತು ಕೊಡೆ. ವೇಣೂರಿನಲ್ಲಿ ಇಳಿದು ಕೇಳಿದ, ಅಲ್ಲಿ ಕಾಡುಬೆಕ್ಕು, ನಾಲ್ಕು ಕೊಡೆ. ಪುನಃ ಬಸ್ಸು ಹತ್ತಿದ.

ಅಲ್ಲಿಂದ ನನ್ನ ಮೇಲೆ ಸಿಟ್ಟು ಮಾಡಿದ. “ಬರೆಯುದು ನೀವೇ ಅಲ್ವಾ? ನನಗೊಂದು ಸೀಟು ಕೊಡ್ಲಿಕ್ಕೆ ಎಂತ ಕಷ್ಟ?”

“ಮೂಡುಬಿದಿರೆ ಬಸ್ಸು, ಕಾಲೇಜಿಗೆ ಹೋಗುವ ಹೊತ್ತು. ನಿನಗೆ ಸೀಟು ಸಿಕ್ಕಿತು ಅಂತ ಬರ್ದ್ರೆ ಈ ಊರಿನವರು ಮತ್ತೆ ಒಂದು ಅಕ್ಷರ ನಂಬ್ಲಿಕ್ಕಿಲ್ಲ.”

“ಹುಲಿ ಕೊಡೆ ಹಿಡಿದದ್ದು ನಂಬ್ತಾರೆ?”

“ಅದು ನಂಬ್ತಾರೆ.”

ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ನಫೀಸಮ್ಮ ಹಣ್ಣಿನ ಗೊನೆಯ ಹಿಂದಿನಿಂದ ನೋಡಿದಳು. “ಆ ಕಥೆಯಾ? ಎರಡು ತಿಂಗಳಾಯಿತು ಕೇಳಿ. ಹುಲಿಯಾ? ಯಾರು ನಿಮಗೆ ಹುಲಿ ಅಂತ ಹೇಳಿದ್ದು ಅಣ್ಣ? ಒಂದು ಬೆಕ್ಕು. ಪಾಪದ ಬೆಕ್ಕು. ಒಂದು ಕೊಡೆ. ಅದೂ ಹರಿದದ್ದು.”

ವಸಂತ ಅಲ್ಲೇ ಎರಡು ಕಿಲೋ ಬಾಳೆಹಣ್ಣು ತಗೊಂಡ. ನಫೀಸಮ್ಮ ಹೇಳ್ತಾ ಹೋದಳು, ಅವನು ಬಸ್ ಟಿಕೆಟಿನ ಹಿಂದೆ ಬರ್ಕೊಳ್ತಾ ಹೋದ. ಒಂದು, ಎರಡು, ಏಳು, ಹನ್ನೊಂದು.

“ಕೊನೆಗೆ?”

“ಕೊನೆಗೆ ಎಂತದು ಅಂತ ಗೊತ್ತಿಲ್ಲ. ವೇಣೂರಿನವರು ಬೆಟ್ಟ ಅಂತಾರೆ, ಗುರುವಾಯನಕೆರೆಯವರು ವಿಮಾನ ಅಂತಾರೆ. ಕಥೆ ಕಟ್ಟಿದ ಅಮ್ಮ ಅದನ್ನು ಯಾರಿಗೂ ಹೇಳ್ಲೇ ಇಲ್ಲಂತೆ.”

೮.

ಹೌದು. ಹೇಳಲೇ ಇಲ್ಲ. ಯಾಕೆ ಅಂದ್ರೆ ಹನ್ನೆರಡನೆಯದ್ದು ತೀರಾ ಸಣ್ಣ ಸಾಮಾನು. ಬೆಕ್ಕು, ಮದುವೆ, ಗಲಾಟೆ ಎಲ್ಲ ಆಗಿ ಕೊನೆಗೆ ಅಂಥದ್ದು ಬಂದ್ರೆ ಕಥೆ ಪುಸ್ಸ್ ಅಂತದೆ. ನೀಲಾವತಿಗೆ ಅದನ್ನು ಹೇಳ್ಲಿಕ್ಕೆ ನಾಚಿಕೆ. ಅದಕ್ಕೆ ಮೊದಲನೇ ದಿನವೇ ಅದನ್ನು ನುಂಗಿ, ದಿನಕ್ಕೊಂದು ದೊಡ್ಡದು ಹೇಳಿದಳು.

ಈಗ ಶುಕ್ರವಾರ ಸಂಜೆ ನಾಲ್ಕು ಗಂಟೆ. ಜಗಲಿಯಲ್ಲಿ ವಿಸ್ಮಿತಾ ಹೊಸ ಫೋನಿಗೆ ಹನ್ನೊಂದು ಶಬ್ದ ಒತ್ತಿ ಕೂತಿದ್ದಾಳೆ. ವಸಂತ ಬಾಳೆಹಣ್ಣು ಹಿಡ್ಕೊಂಡೇ ನಿಂತಿದ್ದಾನೆ. ಖತೀಜಮ್ಮ ಎಲೆ ಕತ್ತರಿಸುದು ನಿಲ್ಲಿಸಿದ್ದಾಳೆ. ಧರ್ಣಪ್ಪ ಎರಡು ಸಲ ಫೋನು ಮಾಡಿ ಆಯಿತು.

“ದೊಡ್ಡಮ್ಮ,” ಅಂದ ವಸಂತ, “ಇದೊಂದು ಸಲ ಬಂಡಲ್ ಬಿಡ್ಬೇಡಿ. ಕಾಲಿಗೆ ಬೀಳ್ತೇನೆ.”

೯. (ಬಿಟ್ಟು ಹಾಕಿದ ಮೂರು ಮುಕ್ತಾಯ)

ಕ. ಅವಳು ಹೇಳಿದಳು, ಪೆಟ್ಟಿಗೆ ತೆರೆಯಿತು, ಒಂದು ಲಕ್ಷ ಹತ್ತು ಲಕ್ಷ ಆಗಿತ್ತು, ವ್ಯಾನಿನ ಬದಲು ಆರು ಬಸ್ಸು ತಗೊಂಡರು. (ನನಗೆ ಇಷ್ಟ. ಆದರೆ ನೀಲಾವತಿ ಕಾಗದದ ಒಳಗಿನಿಂದ ಕಣ್ಣು ದೊಡ್ಡದು ಮಾಡಿ ನೋಡ್ತಾ ಇದ್ದಾಳೆ.)

ಖ. ಪೆಟ್ಟಿಗೆ ತೆರೆಯಿತು, ಕಾಯಿನಿನ ರೇಟು ಬಿದ್ದು ಎರಡು ಕಿಲೋ ಬಾಳೆಹಣ್ಣಿನ ದುಡ್ಡು ಮಾತ್ರ ಇತ್ತು.

ಗ. ಚಾರ್ಮಾಡಿಯ ಮಂಗ ಫೋನು ತಂದುಕೊಟ್ಟಿತು.

“ಸಾಕು,” ಅಂದಳು ನೀಲಾವತಿ. ವಸಂತನಿಗಲ್ಲ, ನನಗೆ. “ನೀನು ದೊಡ್ಡದು ಮಾಡ್ಬೇಡ. ನಾನು ಮಾಡಿದ್ದೇ ಸಾಕು.”

“ಅಲ್ಲ ಮಾರಾಯ್ತಿ, ಓದುವವರಿಗೆ ಕೊನೆಗೊಂದು ಗಮ್ಮತ್ತು ಬೇಡ್ವಾ?”

“ಗಮ್ಮತ್ತು ಬೇಕಾದವರಿಗೆ ನಾಳೆ ಹುಲಿಯ ಕಥೆ ಹೇಳ್ತೇನೆ. ಈಗ ನೀನು ಪೆನ್ನು ಕೆಳಗಿಡು.”

ನಾನು ಇಡಲಿಲ್ಲ. ಇಟ್ಟಿದ್ರೆ ನಿಮಗೆ ಇಷ್ಟೂ ಸಿಗ್ತಿರಲಿಲ್ಲ.

೧೦.

ನೀಲಾವತಿ ಕಣ್ಣು ಮುಚ್ಚಿದಳು. ಮೊದಲು ವಿಮಾನ ಬಂತು. ‘ಅರ್ಧ ಮಾಡು’ ಅಂತ ಒಂದು ಸ್ವರ ಕೇಳಿತು, ತಲೆ ಎತ್ತದೆ ಹೇಳುವ ಸ್ವರ. ಮಾಡಿದಳು, ಬಸ್ಸು ಆಯಿತು. ‘ಇನ್ನೂ ಅರ್ಧ ಮಾಡು.’ ಎತ್ತಿನ ಗಾಡಿ. ‘ಇನ್ನೂ.’ ಚಕ್ರ. ‘ಇನ್ನೂ.’ ಆ ದಾರಿಯಲ್ಲಿ ಸಿಗಲಿಲ್ಲ. ವಾಪಸು ಬಂದು ಬೆಟ್ಟದಿಂದ ಸುರು ಮಾಡಿದಳು. ಬಂಡೆ, ಕಲ್ಲು, ಜಲ್ಲಿ. ಜಲ್ಲಿಯ ಹತ್ತಿರ ಬರುವಾಗ ಅವಳ ಹುಬ್ಬು ಸ್ವಲ್ಪ ಅಲ್ಲಾಡಿತು. ಒಂಬತ್ತು ವರ್ಷದಿಂದ ಮಾಡದ ಲೆಕ್ಕ.

ಕಣ್ಣು ಬಿಟ್ಟಳು. ವಿಸ್ಮಿತಾಳನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು.

ವಿಸ್ಮಿತಾ ಮುಖ ನೋಡಿದಳು. “ಅಷ್ಟೇಯಾ ಅಜ್ಜಿ?”

“ಅಷ್ಟೇ.”

“ಅದಕ್ಕಿಂತ ದೊಡ್ಡದು ಅಲ್ಲ?”

“ಅಲ್ಲ ಮಗಾ. ಅಷ್ಟೇ ಸಣ್ಣದು.”

೧೧.

ವಿಸ್ಮಿತಾ ಒತ್ತಿದಳು. ಫೋನಿನ ನಡುವಿನಲ್ಲಿ ಒಂದು ಉರುಟು ಚಕ್ರ ಬಂದು ತಿರುಗ್ಲಿಕ್ಕೆ ಸುರು ಆಯಿತು. ನಮ್ಮ ಊರಿನ ನೆಟ್‌ವರ್ಕು ನಿಮಗೆ ಗೊತ್ತುಂಟಲ್ಲ. ನಾಲ್ಕು ತಲೆ ಒಂದರ ಮೇಲೊಂದು ಬಗ್ಗಿ ನೋಡ್ತಾ ಉಂಟು. “ಮತ್ತೆ?” ಅಂದಳು ಖತೀಜಮ್ಮ, ದಿನಾ ಮಧ್ಯಾಹ್ನ ಕೇಳುವ ಹಾಗೆಯೇ. ಹುಟ್ಟಿದ ಮೇಲೆ ಮೊದಲನೇ ಸಲ ನೀಲಾವತಿಯ ಹತ್ತಿರ ಸೇರಿಸ್ಲಿಕ್ಕೆ ಎಂತದೂ ಇರಲಿಲ್ಲ.

ಉರುಟು ತಿರುಗ್ತಾ ಉಂಟು. ನಾನು ನಿಲ್ಲಿಸ್ಲಿಕ್ಕಿಲ್ಲ. ತೆರೆಯಿತು ಅಂದ್ರೆ ನೀವು “ಮುದುಕಿ ಬಂಡಲ್ ಬಿಟ್ಟಳು” ಅಂತೀರಿ. ತೆರೀಲಿಲ್ಲ ಅಂದ್ರೆ ನೀಲಾವತಿ ನನ್ನ ಎಡದ ಮೊಣಕಾಲಿಗೇ ಒದೀತಾಳೆ, ಅದು ಎಲ್ಲಿ ನೋವು ಅಂತ ಅವಳಿಗೆ ಸರಿಯಾಗಿ ಗೊತ್ತುಂಟು.

ಶನಿವಾರ ಬೆಳಿಗ್ಗೆ ನೀವು ಮೂಡುಬಿದಿರೆ ಕಡೆ ಹೋಗುವವರಾದ್ರೆ ಬಸ್‌ಸ್ಟ್ಯಾಂಡಿನಲ್ಲಿ ನೋಡಿ. ಹನ್ನೊಂದು ಜನ ಬ್ಯಾಗು ಹಿಡ್ಕೊಂಡು ನಿಂತಿದ್ರೆ ನಫೀಸಮ್ಮನ ಹತ್ತಿರ ಬಾಳೆಹಣ್ಣು ಕೊಡಿಸಿ ಕೂರಿಸಿ. ವ್ಯಾನ್ ಬಂತಾ ಅಂತ ನನಗೂ ಒಂದು ಮಾತು ತಿಳಿಸಿ. ಹೇಳುವಾಗ ಮಾತ್ರ ಕಂಡಷ್ಟೇ ಹೇಳಿ.

೧೨.